ನೂಲಿನ ಪೊಟ್ಟಣ

ಗ್ಲೆನಿಸ್ ನೊಸ್ಕೆ ಸಿಟ್ಟು ಬಂದರೆ ಕೂಗಾಡುವವಳಲ್ಲ, ಪಾತ್ರೆ ತೊಳೆಯುವವಳು. ಆ ದಿನ ಬೆಳಿಗ್ಗೆ ತೊಳೆದಿಟ್ಟ ಪಾತ್ರೆಗಳನ್ನೇ ಎಳೆದುಕೊಂಡು ಮತ್ತೆ ತೊಳೆದಳು. ಒಂದು ಚಹಾ ಕಪ್ಪಿನ ಹಿಡಿ ಕಿತ್ತು ಕೈಗೆ ಬಂತು. ಅದನ್ನು ಕಸದ ಡಬ್ಬಿಗೆ ಎಸೆದು, ಒದ್ದೆ ಕೈಯಲ್ಲೇ ಕುರ್ಚಿಯ ಮೇಲೆ ಕೂತಳು. ಫೋನಿನಲ್ಲಿ ಆಗಷ್ಟೇ ಕೇಳಿದ ಮಾತು ಕಿವಿ ಬಿಟ್ಟು ಹೋಗುತ್ತಿರಲಿಲ್ಲ.

"ನಿಮ್ಮನ್ನ ನಂಬಿ ಕೆಟ್ಟೆ ಕಣ್ರೀ," ಎಂದಿದ್ದಳು ಆ ಕಡೆಯ ಹೆಂಗಸು. "ನಮ್ಮಮ್ಮನಿಗೆ ಗೊತ್ತಾಗಬಾರದು ಅಂತ ಇಷ್ಟು ತಿಂಗಳು ನಾಟಕ ಆಡ್ದೆ. ನೀವು ಇಡೀ ಊರಿಗೆ ಡಂಗುರ ಸಾರಿಬಿಟ್ರಿ."

ಅಷ್ಟು ಹೇಳಿ ಫೋನ್ ಇಟ್ಟಿದ್ದಳು. ಅವಳ ಹೆಸರು ರೇಲೀನ್ ಕೂಕೆಲ್, ಊರು ಕಲ್ಕಾನಾ. ಗ್ಲೆನಿಸ್ ಅವಳ ಮುಖ ಕಂಡಿರಲಿಲ್ಲ. ಎದೆಯ ಅಳತೆ ಮಾತ್ರ ಗೊತ್ತಿತ್ತು.

ಗ್ಲೆನಿಸಳ ವ್ಯಾಪಾರವೇ ಅಂಥದ್ದು. ಕ್ಯಾನ್ಸರ್ ಬಂದು ಮೊಲೆ ತೆಗೆಸಿಕೊಂಡ ಹೆಂಗಸರಿಗೆ ಬೇಕಾಗುವ ಬ್ರಾಗಳು, ಅವುಗಳ ಒಳಗೆ ಇಟ್ಟುಕೊಳ್ಳುವ ಸಿಲಿಕಾನಿನ ಮೊಲೆಗಳು, ಗಾಯದ ಗುರುತು ಕಾಣದಂಥ ಈಜುಡುಗೆಗಳು. ಅಂಗಡಿ ಇರುವುದು ಇಂಟರ್ನೆಟ್ಟಿನಲ್ಲಿ, ಸಾಮಾನು ಇರುವುದು ಪೋರ್ಟ್ ಹ್ಯಾರೋದ ಅವಳ ಮನೆಯ ಹಿಂದಿನ ಕೋಣೆಯಲ್ಲಿ. ಅದಕ್ಕೂ ಮೊದಲು, ಹುಡುಗಿಯಾಗಿದ್ದಾಗಿನಿಂದ, ಅದೇ ಊರಿನ ಬಟ್ಟೆ ಅಂಗಡಿಯಲ್ಲಿ ಅಳತೆ ಟೇಪು ಕೊರಳಿಗೆ ಹಾಕಿಕೊಂಡು, ಪರದೆಯ ಹಿಂದೆ ಹೆಂಗಸರ ಅಳತೆ ತೆಗೆಯುತ್ತ ನಿಂತವಳು. ಅಂಗಡಿಯ ಒಡತಿ ಹೆಡ್ಡಾ ಎಂಬ ಮುದುಕಿ ಅವಳಿಗೆ ಹೊಲಿಗೆ ಕಲಿಸುವ ಮೊದಲು ಬಾಯಿ ಮುಚ್ಚುವುದನ್ನು ಕಲಿಸಿದ್ದಳು.

"ಪರದೆ ಹಿಂದೆ ಕಂಡದ್ದು ಪರದೆ ಹಿಂದೇನೇ ಇರಬೇಕು ಹುಡುಗಿ. ಬೀದೀಲಿ ಎದುರಾದ್ರೆ, ಅವಳಾಗಿ ಮಾತಾಡಿಸೋವರೆಗೂ ನೀನು ಮಾತಾಡಿಸಬೇಡ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು."

ಹೆಡ್ಡಾ ಸತ್ತಳು, ಬಟ್ಟೆ ಅಂಗಡಿ ಮುಚ್ಚಿತು. ಆದರೂ ಬಾರ್ಲಿ ಹೊಲಗಳ ನಡುವಿನ ಒಂಟಿ ಮನೆಗಳ ಹೆಂಗಸರು ಗ್ಲೆನಿಸಳ ಮನೆಗೇ ಫೋನ್ ಮಾಡಿ ಪಿಸುಗುಟ್ಟುವುದು ನಿಲ್ಲಲಿಲ್ಲ. ಅವರಿಗಾಗಿಯೇ ಅವಳು ಈ ಅಂಗಡಿ ತೆರೆದದ್ದು. ಹೆಡ್ಡಾಳ ಪರದೆಯನ್ನೂ ಜೊತೆಗೇ ತಂದಳು ಎನ್ನಬೇಕು. ಪೊಟ್ಟಣಗಳ ಮೇಲೆ 'ನೊಸ್ಕೆ ನೂಲು' ಎಂದಷ್ಟೇ ಇರುತ್ತಿತ್ತು. ಬ್ಯಾಂಕಿನ ಲೆಕ್ಕದಲ್ಲೂ ನೂಲೇ. ಸಾಮಾನು ತಲುಪಿತೆಂದು ತಿಳಿದ ಕೂಡಲೇ ಮನೆಯ ವಿಳಾಸ ಅಳಿಸಿಹಾಕಿ, ಅಳತೆ ಮತ್ತು ಇಮೇಲ್ ಮಾತ್ರ ಉಳಿಸಿಕೊಳ್ಳುತ್ತಿದ್ದಳು. ಹೀಗಾಗಿ ನಮ್ಮ ಕಡೆ ಅಂಚೆ ಹಂಚುವ ಮರ್ವ್‌ನ ಪ್ರಕಾರ ಈ ಸೀಮೆಯ ಹೆಂಗಸರಷ್ಟು ಹೆಣಿಗೆಯ ಹುಚ್ಚು ಭೂಮಿಯ ಮೇಲೆ ಬೇರೆ ಯಾರಿಗೂ ಇಲ್ಲ.

"ಇಷ್ಟೊಂದು ನೂಲು ತರಿಸ್ಕೋತೀಯಲ್ಲ ತಾಯಿ, ನಿನ್ನ ಗಂಡನ ಮೈಮೇಲೆ ಒಂದು ಸ್ವೆಟರೂ ಕಾಣೆ," ಎಂದು ಅವನು ಒಬ್ಬಳನ್ನು ಕೇಳಿದ್ದನಂತೆ. "ವಾಪಸ್ ಕುರಿಗೇ ಹೊಲೀತೀಯೋ ಏನು ಕಥೆ?"

ಬೇರೆ ಹೆಸರು ಹೇಳಿ, ಪಕ್ಕದೂರಿನ ಅಂಚೆ ಪೆಟ್ಟಿಗೆಗೆ ತರಿಸಿಕೊಳ್ಳುವವರೂ ಇದ್ದರು. ಗ್ಲೆನಿಸ್ ಏಕೆ ಎಂದು ಕೇಳಿದವಳಲ್ಲ. ಅಂಥವರಲ್ಲಿ ಲಿಂಡ್ನರ್ ಎಂದು ಹೇಳಿಕೊಂಡ ಒಬ್ಬಳು ಹೋದ ವರ್ಷ ಫೋನ್ ಮಾಡಿದ್ದಳು. ಹುಲ್ಲಿನ ಅಂಗಳದಲ್ಲಿ ಬಗ್ಗಿ ಚೆಂಡು ಉರುಳಿಸುವ ಆಟ ಅವಳಿಗೆ ಪ್ರಾಣವಂತೆ. ಬಗ್ಗಿದಾಗ ಈ ಸಿಲಿಕಾನಿನದು ಜಾರಿ ಹೊರಗೆ ಬಂದರೆ ಗತಿಯೇನು ಎಂದು ಕೇಳಿ, "ಹುಲ್ಲಿನ ಮೇಲೆ ಒಂದರ ಬದಲು ಎರಡು ಉರುಳಿದ್ರೆ ಅಂಕ ಯಾರಿಗೆ ಕೊಡ್ತಾರೆ, ಹೇಳಿ ನೋಡೋಣ," ಎಂದು ಗೊಗ್ಗರು ದನಿಯಲ್ಲಿ ನಕ್ಕಿದ್ದಳು. ಗ್ಲೆನಿಸ್ ಅದನ್ನು ನೆನೆದು ವಾರವಿಡೀ ನಗುತ್ತಿದ್ದಳು. ನಕ್ಕದ್ದೂ ಒಬ್ಬಳೇ, ಯಾರಿಗೂ ಹೇಳುವಂತಿರಲಿಲ್ಲ.

ಇಷ್ಟು ಜೋಪಾನ ಮಾಡಿದವಳು ಎಡವಿದ್ದು ನಮ್ಮ ಕಡೆಯವರ ಒಂದು ಚಾಳಿಯಿಂದ. ಯಾರು ಏನು ಕೇಳಿದರೂ 'ಪರವಾಗಿಲ್ಲ, ಆಗಲಿ' ಎನ್ನುವ ಚಾಳಿ. ಕಾಲು ತುಳಿದರೂ ಪರವಾಗಿಲ್ಲ, ಬೆಳೆ ಕೈಕೊಟ್ಟರೂ ಪರವಾಗಿಲ್ಲ. ಇಲ್ಲ, ತಡಿ, ಇನ್ನೊಂದು ಸಲ ಹೇಳು ಎನ್ನುವುದು ನಮ್ಮಲ್ಲಿ ಒರಟುತನ. ಹೋದ ತಿಂಗಳು ಅವಳು ಬಟ್ಟೆ ಒಣಹಾಕುತ್ತಿದ್ದಾಗ ಅಡಿಲೇಡಿನಿಂದ ಆಶ್ಲಿ ಫೋನ್ ಮಾಡಿದ. ಅವಳ ಇಂಟರ್ನೆಟ್ ಅಂಗಡಿಯನ್ನು ನೋಡಿಕೊಳ್ಳುವವನು ಅವನೇ.

"ಹೊಸಬರಿಗೆ ನಂಬಿಕೆ ಬರಬೇಕು ಅಂದ್ರೆ ಬೇರೆಯವರೂ ಕೊಳ್ತಿದಾರೆ ಅಂತ ಕಾಣಬೇಕು ಗ್ಲೆನಿಸ್. ಸ್ಕ್ರೀನಿನ ಮೂಲೇಲಿ ಒಂದು ಚಿಕ್ಕ ಚೀಟಿ ಬಂದು ಹೋಗುತ್ತೆ, ಅಷ್ಟೇ. ಯಾರ ಹೆಸರೂ ಇರಲ್ಲ."

ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡಿದ್ದವಳು, "ಪರವಾಗಿಲ್ಲ, ಹಾಕಪ್ಪ," ಎಂದಳು.

ಈಗ, ರೇಲೀನಳ ಬೈಗುಳ ತಿಂದ ಮೇಲೆ, ತನ್ನದೇ ಅಂಗಡಿಯನ್ನು ಗಿರಾಕಿಯ ಹಾಗೆ ತೆರೆದು ಕೂತಳು. ಸ್ವಲ್ಪ ಹೊತ್ತಿಗೆ ಕೆಳಗಿನ ಮೂಲೆಯಲ್ಲಿ ಚೀಟಿ ತೇಲಿಬಂತು. 'ಸಿಡ್ನಿಯಿಂದ ಒಬ್ಬರು ಈಗತಾನೇ ಕೊಂಡರು: ಈಜುಡುಗೆ.' ಅದು ಹೋಗಿ ಇನ್ನೊಂದು ಬಂತು. ಸಿಡ್ನಿಯಲ್ಲಿ ಲಕ್ಷಾಂತರ ಹೆಂಗಸರಿದ್ದಾರೆ, ಚೀಟಿ ಯಾರ ಮೇಲೂ ಹೋಗಿ ಕೂರುವುದಿಲ್ಲ. ಆದರೆ ಕಲ್ಕಾನಾದಲ್ಲಿ ಇರುವುದು ಒಂದು ಕಾಳಿನ ಉಗ್ರಾಣ, ಒಂದು ಹೆಂಡದಂಗಡಿ, ಒಂದು ಸಭಾಭವನ, ಕೈಬೆರಳಲ್ಲಿ ಎಣಿಸುವಷ್ಟು ಮನೆ. 'ಕಲ್ಕಾನಾದಿಂದ ಒಬ್ಬರು ಈಗತಾನೇ ಕೊಂಡರು: ಕೃತಕ ಸ್ತನ, ಬಲಭಾಗ' ಎಂದು ಚೀಟಿ ಬಂದರೆ, ಅದು ಊರಿನ ಹೆಸರಲ್ಲ, ಆಳಿನ ಹೆಸರೇ.

ಆಶ್ಲಿಗೆ ಫೋನ್ ಮಾಡಿದಳು.

"ಅದನ್ನ ತೆಗಿ. ಈಗಲೇ. ನಾನು ಫೋನ್ ಹಿಡ್ಕೊಂಡೇ ಇರ್ತೀನಿ."

"ಏನಾಯ್ತು? ಹೆಸರು ಇರಲಿಲ್ಲವಲ್ಲ ಗ್ಲೆನಿಸ್. ಎಲ್ಲ ಅಂಗಡೀಲೂ ಹಾಕ್ತಾರೆ. ನಂಬಿಕೆ ಬೆಳೆಸೋಕೆ..."

"ನಂಬಿಕೆ ಅಂದ್ರೆ ಏನಂತ ತಿಳ್ಕೊಂಡಿದೀಯಾ? ಬೇರೆಯವಳ ಎದೆ ತೋರಿಸಿ ಇವಳನ್ನ ಕರೆಯೋದಾ? ಅವರು ನನ್ನ ಹತ್ರ ಬರೋದು ಬೇರೆಯವರು ಬರ್ತಾರೆ ಅಂತ ಅಲ್ಲ. ಬಂದದ್ದು ಯಾರಿಗೂ ಕಾಣಲ್ಲ ಅಂತ."

ಅವನು ತೆಗೆದ. ತೆಗೆದು, ಮೆಲ್ಲಗೆ, "ನಂಗೆ ಹೊಳೀಲೇ ಇಲ್ಲ. ತಪ್ಪಾಯ್ತು," ಎಂದ.

"ನಿನ್ನೊಬ್ಬಂದೇ ಅಲ್ಲ. ಹೂಂ ಅಂದವಳು ನಾನು," ಎಂದು ಫೋನ್ ಇಟ್ಟಳು. ಆಮೇಲೆ ಕಾರಿನ ಕೀಲಿ ತೆಗೆದುಕೊಂಡು ಕಲ್ಕಾನಾಕ್ಕೆ ಹೊರಟಳು.

ದಾರಿಯುದ್ದಕ್ಕೂ ಎರಡೂ ಕಡೆ ಬಾರ್ಲಿ ಹಸಿರಾಗಿ ನಿಂತಿತ್ತು. ಎದುರು ಬಂದ ಒಂದೆರಡು ಗಾಡಿಗಳವರು ವಾಡಿಕೆಯಂತೆ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳಿದರು. ಗ್ಲೆನಿಸ್ ಬೆರಳೆತ್ತಲಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಆಶ್ಲಿಯ ಮೇಲೆ, ಕಲ್ಕಾನಾದವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡಿದ್ದ ತನ್ನ ಬಾಯಿಯ ಮೇಲೆ.

ಊರ ಹೊರಗೆ, ಕೂಕೆಲ್ ಎಂದು ಬರೆದ ಅಂಚೆ ಪೆಟ್ಟಿಗೆಯಿದ್ದ ಗೇಟಿನೊಳಗೆ, ರೇಲೀನ್ ಮನೆಯ ಜಗಲಿಯಲ್ಲೇ ನಿಂತಿದ್ದಳು. ಐವತ್ತರ ಆಸುಪಾಸಿನ, ಬಿಸಿಲಿಗೆ ಬೆಂದ ಮುಖದ ಹೆಂಗಸು. ಗಂಡ ಡೀನನ ದೊಡ್ಡ ಅಂಗಿ ಹಾಕಿಕೊಂಡಿದ್ದಳು. ಅವಳ ಹಿಂದೆ, ಬೆಂಚಿನ ಮೇಲೆ, ಗಾಜಿನ, ಪಿಂಗಾಣಿಯ ದೊಡ್ಡ ದೊಡ್ಡ ಪಾತ್ರೆಗಳು ಒಂದರ ಮೇಲೊಂದು ಪೇರಿಸಿದ್ದವು. ನೋಡಿದ ಕೂಡಲೇ ಗ್ಲೆನಿಸಳಿಗೆ ಅರ್ಥವಾಯಿತು. ನಮ್ಮ ಕಡೆ ಯಾರ ಮನೆಯಲ್ಲಿ ಕಾಯಿಲೆಯೋ ಸಾವೋ ಆದರೂ ಊರಿನ ಹೆಂಗಸರು ಮಾಂಸ, ಆಲೂಗಡ್ಡೆ ಬೇಯಿಸಿ ಪಾತ್ರೆ ಸಮೇತ ಬಾಗಿಲಿಗೆ ತಂದಿಡುತ್ತಾರೆ. ಪಾತ್ರೆಯ ತಳಕ್ಕೆ ತಮ್ಮ ಹೆಸರು ಬರೆದ ಪಟ್ಟಿ ಅಂಟಿಸಿರುತ್ತಾರೆ, ಅದಲುಬದಲಾಗಬಾರದಲ್ಲ.

"ಮಾರಾಟಕ್ಕೆ ಬಂದ್ರಾ, ನೋಡೋಕೆ ಬಂದ್ರಾ?" ಎಂದಳು ರೇಲೀನ್.

"ಕ್ಷಮೆ ಕೇಳೋಕೆ."

"ಕೊಡಲ್ಲ."

"ಕೊಡಬೇಡಿ. ಆದ್ರೂ ಕೇಳೋದು ನನ್ನ ಕೆಲಸ. ತಪ್ಪು ನಂದು."

ರೇಲೀನ್ ಕೂರು ಎನ್ನಲಿಲ್ಲ. ನಿಂತೇ ಹೇಳಿದಳು. ಅವಳ ಅಕ್ಕ ಜಿಲಿಯನ್ ಇದೇ ಕಾಯಿಲೆಯಿಂದ ಸತ್ತಿದ್ದಳು. ತಾಯಿ ಎಲ್ವಾ ಎಂಬತ್ತು ದಾಟಿದ ಮುದುಕಿ, ಊರೊಳಗೆ ಒಬ್ಬಳೇ ಇದ್ದಾಳೆ. ಇನ್ನೊಬ್ಬಳು ಮಗಳಿಗೂ ಅದೇ ಬಂತೆಂದು ತಿಳಿದರೆ ತಡೆದುಕೊಳ್ಳಲಾರಳೆಂದು ರೇಲೀನ್, ನಾದಿನಿಯ ಮಕ್ಕಳನ್ನು ನೋಡಿಕೊಳ್ಳಬೇಕು ಎಂಬ ನೆಪ ಹೇಳಿ ಅಡಿಲೇಡಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡಿದ್ದಳು. ಗಂಡನಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೆ ಹೋದದ್ದು ಬಿತ್ತನೆಯ ಕಾಲ. ಬಿತ್ತನೆಯ ಕಾಲದಲ್ಲಿ ಯಾವ ರೈತನ ಹೆಂಡತಿಯೂ ಮನೆ ಬಿಡುವುದಿಲ್ಲ, ಹೊಲಕ್ಕೆ ಊಟ ಒಯ್ಯುವವರು ಯಾರು? ಊರಿನ ಮನಸ್ಸಿನಲ್ಲಿ ಒಂದು ಪ್ರಶ್ನೆ ಆಗಲೇ ಇತ್ತು. ಚೀಟಿ ಬಂದು ಉತ್ತರ ಕೊಟ್ಟಿತು.

"ಇಲ್ಲಿಗೆ ತಂದಿದ್ರೆ ಹೋಗ್ಲಿ ಅನ್ನಬಹುದಿತ್ತು. ಅಮ್ಮನ ಬಾಗಿಲಿಗೂ ಒಂದು ಪಾತ್ರೆ ಇಟ್ಟು ಹೋಗಿದಾರೆ. 'ರೇಲೀನ್ ಹುಷಾರಾಗೋವರೆಗೆ ನಾವಿದೀವಿ' ಅಂತ ಚೀಟಿ ಬೇರೆ. ಅಮ್ಮ ನನಗೆ ಫೋನೂ ಮಾಡಲಿಲ್ಲ. ನಾನು ಹೋಗಿ ನೋಡ್ತೀನಿ, ಜಿಲಿಯನ್‌ನ ಮಣ್ಣು ಮಾಡೋ ದಿನ ಅಮ್ಮ ಹಾಕಿಕೊಂಡಿದ್ದ ಕಪ್ಪು ಕೋಟನ್ನ ಬೀರುವಿಂದ ತೆಗೆದು ಗಾಳಿಗೆ ನೇತುಹಾಕಿದಾರೆ." ರೇಲೀನ್ ಗಂಡನ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡಳು. "ನಾನಿನ್ನೂ ಬದುಕಿದೀನಿ. ನಮ್ಮಮ್ಮ ಕೋಟು ಒಣಗಿಸ್ತಿದಾರೆ."

ಗ್ಲೆನಿಸ್ ಪಾತ್ರೆಗಳ ಕಡೆ ನೋಡಿದಳು. ಒಂದೆರಡಕ್ಕೆ ಸಾರು ಇನ್ನೂ ಅಂಟಿಕೊಂಡಿತ್ತು.

"ಊಟ ನಾಯಿಗಳಿಗೆ ಹಾಕ್ದೆ," ಎಂದಳು ರೇಲೀನ್. "ಅವಕ್ಕೆ ಹಬ್ಬ. ಈಗ ಈ ಪಾತ್ರೆ ತೊಳೆದು ವಾಪಸ್ ಕೊಡಬೇಕು. ಒಂದೊಂದು ಬಾಗಿಲಲ್ಲೂ ನಿಂತು, ಎಲ್ಲಿ ಕುಯ್ದರು, ಎಷ್ಟು ಕುಯ್ದರು ಅಂತ ವರದಿ ಒಪ್ಪಿಸಬೇಕು. ಅವರು ನನ್ನ ಎದೆ ಕಡೆ ನೋಡದ ಹಾಗೆ ನೋಡ್ತಾರೆ."

"ನಾನು ಕೊಟ್ಟು ಬರ್ತೀನಿ," ಎಂದಳು ಗ್ಲೆನಿಸ್.

ರೇಲೀನ್ ಅವಳನ್ನು ದಿಟ್ಟಿಸಿ ನೋಡಿದಳು. ಬೇಡ ಎನ್ನಲಿಲ್ಲ. ಗ್ಲೆನಿಸ್ ಪಾತ್ರೆಗಳನ್ನು ಒಳಗೆ ಹೊತ್ತುಕೊಂಡು ಹೋಗಿ ರೇಲೀನಳ ಸಿಂಕಿನಲ್ಲಿ ಉಜ್ಜಿದಳು. ಗಾಜು ಕೀರಿಡುವಷ್ಟು ಉಜ್ಜಿದಳು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ಇಬ್ಬರಿಗೂ ಗೊತ್ತಿತ್ತು. ರೇಲೀನ್ ಹಿತ್ತಲಿಗೆ ಹೋಗಿ ಮಡಿಲ ತುಂಬ ನಿಂಬೆಹಣ್ಣು ತಂದು ಮೇಜಿನ ಮೇಲೆ ಸುರಿದಳು.

"ಇವನ್ನ ಹಾಕಿ. ಹಲ್ಲು ಚುಳ್ಳೆನ್ನಲಿ ಅವರಿಗೆ."

ಮೊದಲ ಮನೆಯವಳು ತಲೆಗೆ ಟವೆಲ್ ಸುತ್ತಿಕೊಂಡೇ ಬಾಗಿಲು ತೆರೆದಳು. ಗ್ಲೆನಿಸ್ ತಾನು ರೇಲೀನಳ ಪರಿಚಯದವಳು ಎಂದಷ್ಟೇ ಹೇಳಿ ಪಾತ್ರೆ ಕೊಟ್ಟಳು.

"ಅಯ್ಯೋ ಪಾಪ, ಹೇಗಿದಾಳೆ? ಒಂದೇ ಕಡೇದಾ, ಅಥವಾ..."

"ನಿಮ್ಮ ಪಾತ್ರೆ ಇದೇ ತಾನೇ?"

"ಹೂಂ, ನಂದೇ. ನಾವೇನೋ ಒಳ್ಳೇದಾಗಲಿ ಅಂತ..."

"ಒಳ್ಳೇದು ಮಾಡೋಕೆ ಮುಂಚೆ ಬೇಕಾ ಅಂತ ಕೇಳಬೇಕಿತ್ತು. ಎಲ್ವಾ ಮನೆ ಬಾಗಿಲಿಗೆ ಇಟ್ಟಿದ್ದು ಯಾರು?"

ಅವಳಲ್ಲವಂತೆ. ಎರಡನೇ ಮನೆಯವಳೂ ಅಲ್ಲವಂತೆ. ತಾನಲ್ಲ ಎನ್ನುವುದರಲ್ಲಿ ಎಲ್ಲರದೂ ಒಂದೇ ರಾಗ. ಹಾಗಾದರೆ ನಿಮಗೆ ಹೇಳಿದವರು ಯಾರೆಂದರೆ ಅದಕ್ಕೂ ಎಲ್ಲರದೂ ಒಂದೇ ಉತ್ತರ: ಕೋರಲ್ ಹೇಳಿದಳು. ಕೋರಲ್ ಹೆಂಚ್ಕೆ, ಸಭಾಭವನದ ಸಮಿತಿಯ ಯಜಮಾನಿ. ಯಾವ ದಿನ ಯಾರು ಅಡುಗೆ ಮಾಡಿ ಒಯ್ಯಬೇಕೆಂದು ಸರದಿ ಹಾಕಿಕೊಟ್ಟವಳೂ ಅವಳೇ. ಗ್ಲೆನಿಸಳ ಕೈಯಲ್ಲಿ ಕೊನೆಗೆ ಉಳಿದದ್ದೂ ಅವಳ ಪಾತ್ರೆಯೇ, ಎಲ್ಲಕ್ಕಿಂತ ದೊಡ್ಡದು.

ಕೋರಲಳ ಅಡುಗೆಮನೆಯಲ್ಲಿ ಮೂರ್ನಾಲ್ಕು ಹೆಂಗಸರು ಮೇಜಿನ ಸುತ್ತ ಕೂತು ಸಭಾಭವನದ ಚಹಾಕೂಟಕ್ಕೆ ಕೇಕಿನ ತುಂಡುಗಳನ್ನು ಚಾಕಲೇಟಿನಲ್ಲಿ ಅದ್ದಿ ಕೊಬ್ಬರಿಯಲ್ಲಿ ಹೊರಳಿಸುತ್ತಿದ್ದರು. ಹಿಂದಿನ ಗೋಡೆಯ ಹಲಗೆಯ ಮೇಲೆ ಚೆಂಡಾಟದಲ್ಲಿ ಗೆದ್ದ ಕಪ್ಪುಗಳು ಸಾಲಾಗಿದ್ದವು. ಗ್ಲೆನಿಸ್ ಪಾತ್ರೆಯನ್ನು ಮೇಜಿನ ನಡುವೆ ಕುಕ್ಕಿದಳು. ನಿಂಬೆಹಣ್ಣೊಂದು ಹಾರಿ ಕೊಬ್ಬರಿಯಲ್ಲಿ ಬಿತ್ತು.

"ರೇಲೀನ್ ಕಳಿಸಿದಾಳೆ. ಇನ್ನು ಮೇಲೆ ಅಡುಗೆ ಬೇಡವಂತೆ."

ಕೋರಲ್ ದಪ್ಪಗಿನ, ಲವಲವಿಕೆಯ ಹೆಂಗಸು. ಕೈ ಒರೆಸಿಕೊಳ್ಳುತ್ತ ಎದ್ದಳು.

"ಅಡಿಲೇಡಲ್ಲಿರೋ ನನ್ನ ತಂಗಿ ಮಗಳು ಇಂಟರ್ನೆಟ್ಟಲ್ಲಿ ನೋಡಿದ್ಲು. ನಮ್ಮೂರ ಹೆಂಗಸಿಗೆ ಇಂಥ ಕಷ್ಟ ಬಂದಾಗ ಕೈಕಟ್ಟಿ ಕೂರೋಕಾಗುತ್ತಾ, ಹೇಳಿ ನೋಡೋಣ."

ಗೊಗ್ಗರು ದನಿ. ಅದೇ 'ಹೇಳಿ ನೋಡೋಣ.' ಗ್ಲೆನಿಸ್ ಕಪ್ಪುಗಳ ಸಾಲನ್ನು ನೋಡಿದಳು, ಮತ್ತೆ ಕೋರಲಳನ್ನು ನೋಡಿದಳು. ತಂಗಿಯ ಮಗಳೂ ಇಲ್ಲ, ಮಣ್ಣೂ ಇಲ್ಲ. ಆ ಚೀಟಿ ಕಾಣುತ್ತಿದ್ದದ್ದು ಅಂಗಡಿಯ ಒಳಗೆ ಬಂದವರಿಗೆ ಮಾತ್ರ. ಕಲ್ಕಾನಾದ ಚೀಟಿ ಬಂದ ಹೊತ್ತಿನಲ್ಲಿ ಲಿಂಡ್ನರ್ ಎಂದು ಹೆಸರು ಹೇಳಿದ್ದ ಈ ಕೋರಲ್ ತನಗೇ ಒಂದು ಹೊಸದನ್ನು ಆರಿಸುತ್ತ ಕೂತಿದ್ದಳು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎನ್ನುತ್ತಾರೆ, ಈ ಬೆಕ್ಕು ತನ್ನ ಹಾಲು ಕುಡಿದು ಪಕ್ಕದ ಬೆಕ್ಕಿನ ಮೇಲೆ ದೂರು ಹೇಳಿತ್ತು. ಒಂದೇ ಒಂದು ಮಾತು ಸಾಕಾಗಿತ್ತು. 'ಚೆಂಡು ಜಾರಲಿಲ್ಲ ತಾನೇ?' ಎಂದು ಈ ಮೇಜಿನ ಮುಂದೆ ಕೇಳಿಬಿಟ್ಟರೆ, ಸಂಜೆಯೊಳಗೆ ಕೋರಲಳ ಬಾಗಿಲಿಗೂ ಪಾತ್ರೆಗಳು ಬಂದು ಕೂರುತ್ತಿದ್ದವು. ಮಾಡಿದ್ದುಣ್ಣೋ ಮಹಾರಾಯ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು, ಅದರ ರುಚಿಯೂ ಅವಳಿಗೆ ಹತ್ತಿತು.

"ನಿಮ್ಮ ಹೆಸರೇ ಹೇಳಲಿಲ್ಲವಲ್ಲ," ಎಂದಳು ಕೋರಲ್.

"ಗ್ಲೆನಿಸ್."

ಆ ದನಿ, ಆ ಹೆಸರು, ಎರಡೂ ಸೇರಿ ಕೋರಲಳಿಗೆ ಹೊಳೆಯಿತು. ಅವಳ ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು. ಮುಖ ಸುಣ್ಣವಾಯಿತು.

"ಯಾಕೆ ಕೋರಲ್, ಇವರು ನಿಂಗೆ ಗೊತ್ತಾ?" ಎಂದು ಮೇಜಿನ ಬಳಿಯಿದ್ದ ಒಬ್ಬಳು ಕೇಳಿದಳು.

ಕೋರಲ್ ಕೊಬ್ಬರಿಯಲ್ಲಿ ಬಿದ್ದಿದ್ದ ನಿಂಬೆಹಣ್ಣನ್ನು ಎತ್ತಿ ಒರೆಸತೊಡಗಿದಳು.

"ಇಲ್ಲ," ಎಂದಳು ಗ್ಲೆನಿಸ್. "ನಾವಿಬ್ಬರೂ ಇವತ್ತೇ ಮೊದಲ ಸಲ ನೋಡ್ತಿರೋದು." ಆಮೇಲೆ ಮೇಜಿನ ಸುತ್ತ ಎಲ್ಲರ ಮುಖವನ್ನೂ ನೋಡಿ ಹೇಳಿದಳು: "ಎಲ್ವಾ ಕಪ್ಪು ಕೋಟು ತೆಗೆದು ಗಾಳಿಗೆ ಹಾಕಿದಾರೆ, ಬದುಕಿರೋ ಮಗಳಿಗೆ. ನಿಮ್ಮ ಮಾಂಸದ ಸಾರಿನ ಪುಣ್ಯ. ಕೇಕು ಮಾಡಿ, ಮಾಡಿ."

ಅವಳು ಕಾರಿನಲ್ಲಿ ಕೂತಾಗ ಕೋರಲ್ ಓಡಿಬಂದು ಕಿಟಕಿ ಹಿಡಿದುಕೊಂಡಳು. ಬೆರಳುಗಳಲ್ಲಿ ಕೊಬ್ಬರಿ ಇನ್ನೂ ಅಂಟಿತ್ತು. ಗ್ಲೆನಿಸ್ ಸುಮ್ಮನೆ ಮುಂದೆ ನೋಡುತ್ತ ಕೂತಳು. ಅವಳಾಗಿ ಮಾತಾಡಿಸುವವರೆಗೆ ಮಾತಾಡಿಸಬಾರದು.

"ನಾಲ್ಕು ವರ್ಷದಿಂದ ಒಬ್ಬಳೇ ಇದ್ದೆ," ಎಂದಳು ಕೋರಲ್ ತಗ್ಗಿದ ದನಿಯಲ್ಲಿ. "ಊರಲ್ಲಿ ನನ್ನ ಥರದವಳು ಇನ್ನೊಬ್ಬಳು ಇದಾಳೆ ಅಂತ ಗೊತ್ತಾದಾಗ ತಡೆಯೋಕಾಗಲಿಲ್ಲ. ಅವಳಿಗೆ ಏನಾದ್ರೂ ಮಾಡಬೇಕು ಅನ್ನಿಸ್ತು."

"ಮಾಡಬೇಕಿತ್ತು. ಅವಳ ಮನೆಗೆ ಒಬ್ಬಳೇ ಹೋಗಿ ನಿನ್ನ ಗುಟ್ಟು ಹೇಳಬೇಕಿತ್ತು. ನೀನು ಹೇಳಿದ್ದು ಅವಳದು."

ಕೋರಲ್ ಕಿಟಕಿ ಬಿಟ್ಟು ಅಳತೊಡಗಿದಳು. ಗ್ಲೆನಿಸ್ ಕಾರು ತಿರುಗಿಸಿದಳು. ಅಳುತ್ತಿದ್ದ ಆ ಹೆಂಗಸಿನ ಮೇಲೆ ಮರುಕ ಬರಲಿ ಎಂದು ದಾರಿಯುದ್ದಕ್ಕೂ ಕಾದಳು, ಅದು ಪೋರ್ಟ್ ಹ್ಯಾರೋ ತಲುಪುವವರೆಗೂ ಬರಲಿಲ್ಲ.

ಆ ವಾರ ಅವಳು ತನ್ನ ಗಿರಾಕಿಗಳಿಗೆಲ್ಲ ತಾನೇ ಬರೆದಳು: ನನ್ನ ಅಂಗಡಿ ಇಂಥ ತಪ್ಪು ಮಾಡಿತು, ನಿಮ್ಮ ಊರಿನ ಹೆಸರು ಕಂಡಿರಬಹುದು, ಆ ಚೀಟಿಯನ್ನು ತೆಗೆಸಿದ್ದೇನೆ. ಹಾಗೆ ಬರೆಯಬೇಡಿ, ಗೊತ್ತಿಲ್ಲದವರಿಗೂ ಗೊತ್ತಾಗುತ್ತೆ ಎಂದು ಆಶ್ಲಿ ಬೇಡಿಕೊಂಡ. ಗೊತ್ತಾಗಲಿ ಎಂದೇ ಬರೆದಳು. ಕೆಲವರು ಬೈದು ಉತ್ತರ ಬರೆದರು, ಕೆಲವರು ಉತ್ತರವನ್ನೇ ಬರೆಯದೆ ದೂರವಾದರು. ಮರ್ವ್‌ನ ಗಾಡಿಯಲ್ಲಿ ನೂಲು ಕಡಿಮೆಯಾಯಿತು.

ಬಾರ್ಲಿ ಹೊಂಬಣ್ಣಕ್ಕೆ ತಿರುಗಿದ ಹೊತ್ತಿಗೆ ಒಂದು ಮಧ್ಯಾಹ್ನ ಫೋನ್ ಬಂತು.

"ನಾನು ರೇಲೀನ್. ಒಂದು ಕೇಳಬೇಕಿತ್ತು. ಆ ಚೀಟಿ ನಿಮ್ಮ ಅಂಗಡಿಯೊಳಗೆ ಬಂದವರಿಗೆ ಮಾತ್ರ ಕಾಣೋದಂತೆ, ಹೌದಾ?"

"ಹೌದು."

"ಹಾಗಾದ್ರೆ ನಮ್ಮೂರಲ್ಲಿ ನಿಮ್ಮ ಗಿರಾಕಿ ಇನ್ನೊಬ್ಬಳು ಇದಾಳೆ. ಕೋರಲ್ ತಾನೇ? ನೀವು ಬಂದು ಹೋದಾಗಿಂದ ಬಾಯಿ ಹೊಲಿದವಳ ಹಾಗೆ ಕೂತಿದಾಳೆ."

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ನೀವೇ ಅವಳ ಮನೆಗೆ ಹೋಗಿದ್ರಿ."

"ಪಾತ್ರೆ ಕೊಟ್ಟು ಬಂದೆ. ಅಷ್ಟೇ ಗೊತ್ತು."

"ನನ್ನ ಗುಟ್ಟು ಬೀದಿಪಾಲಾಯ್ತು. ಅವಳದ್ದು ಮಾತ್ರ ಭದ್ರವಾಗಿ ಬೀಗ ಹಾಕಿಡ್ತೀರಾ? ನನಗಾದ್ರೂ ಹೇಳಬೇಕು ನೀವು. ಅಷ್ಟು ಋಣ ನನ್ನದಿದೆ ನಿಮ್ಮ ಮೇಲೆ."

"ಇದೆ. ಆದ್ರೂ ಹೇಳಲ್ಲ. ಇನ್ನೂ ನೂರು ಸಲ ಕೇಳಿ, ಬೈಯಿರಿ, ಹೇಳಲ್ಲ."

ಆ ಕಡೆ ನಾಯಿ ಬೊಗಳುವುದು ಕೇಳಿತು. ರೇಲೀನ್ ಅದನ್ನು ಗದರಿಸಿ ಬಾಗಿಲು ಮುಚ್ಚಿದಳು.

"ಎಡಗಡೇದೂ ತೆಗೀಬೇಕಂತೆ," ಎಂದಳು ರೇಲೀನ್. "ಇವತ್ತು ಬೆಳಿಗ್ಗೆ ಡಾಕ್ಟರ್ ಹೇಳಿದ್ರು. ಅಮ್ಮ ಆ ಕೋಟನ್ನ ಮೊನ್ನೆ ತಾನೇ ಬೀರುವಿಗೆ ಇಟ್ಟಿದಾರೆ. ಡೀನ್ ಹೊಲದಲ್ಲಿದಾನೆ, ಅವನಿಗೂ ಇನ್ನೂ ಹೇಳಿಲ್ಲ. ಬೇರೆ ಯಾರಿಗೂ ಹೇಳಿಲ್ಲ."

"ಸರಿ," ಎಂದಳು ಗ್ಲೆನಿಸ್.

"ಅಳತೆ ಗೊತ್ತಲ್ಲ ನಿಮಗೆ."

"ಗೊತ್ತು."

"ಗಾಯ ಒಣಗಿದ ಮೇಲೆ ಕಳಿಸಿ. ನೂಲು ಅಂತಾನೇ ಬರೀರಿ."

ಗ್ಲೆನಿಸ್ ಫೋನ್ ಇಟ್ಟು ಸಿಂಕಿನ ಬಳಿ ಹೋದಳು. ಬೆಳಿಗ್ಗೆ ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಎಳೆದುಕೊಂಡು ಮತ್ತೆ ತೊಳೆಯತೊಡಗಿದಳು.